ಸದರಿ ವಸ್ತು

ಸಭೆಗೆ ಬಂದಿದ್ದವರು ಹನ್ನೊಂದು ಜನ.
ಮಂಡಿ ಸಂಘದ ಕಾರ್ಯದರ್ಶಿ, ಹಮಾಲಿಗಳ ಮೇಸ್ತ್ರಿ ಚೌಡಪ್ಪ,
ದರ್ಗಾ ಮೊಹಲ್ಲಾದ ಹಿರಿಯರಿಬ್ಬರು,
ಸ್ತ್ರೀಶಕ್ತಿ ಸಂಘದ ಪಿಳ್ಳಮ್ಮ,
ಆಸ್ಪತ್ರೆಯಿಂದ ಒಬ್ಬ ಡಾಕ್ಟರು, ಜೊತೆಗೊಂದು ಪೋಸ್ಟರು, ಹೀಗೆ.
ಪೋಸ್ಟರಿನಲ್ಲಿ ಕಾಂಡೋಮ್ ಅಂತ ಗೇಣುದ್ದ ಬರೆದಿತ್ತು.
ಒಂದೂವರೆ ಗಂಟೆ ಮಾತಾಡಿದರು, ಬಿಸ್ಕತ್ತು ಮುಗಿಯಿತು,
ಆ ಹೆಸರು ಮಾತ್ರ ಒಬ್ಬರ ಬಾಯಿಂದಲೂ ಉದುರಲಿಲ್ಲ.
ನಡಾವಳಿ ಬರೆದವಳು ನಾನು:
'ಸದರಿ ವಸ್ತುವನ್ನು ಸದರಿ ಸ್ಥಳಗಳಲ್ಲಿ
ಉಚಿತವಾಗಿ ಇಡಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು.'
ಎಂಟು ಸಹಿ, ಮೂರು ಹೆಬ್ಬೆಟ್ಟು.

ಕೋಲಾರದ ಟೊಮ್ಯಾಟೊ ಮಂಡಿಯ ಸುತ್ತ ಒಂಬತ್ತು ಡಬ್ಬಿ.
ಒಂಬತ್ತು ಬೀಗದ ಕೈ ನನ್ನ ಸೊಂಟದಲ್ಲಿ.
ನನಗೊಂದು ಹೆಸರಿತ್ತು, ಈಗ ಡಬ್ಬಿ ಅಕ್ಕ.

ಬಾಯಿಗೆ ಬಾರದ್ದಕ್ಕೆ ಹೆಸರು ಬೇಗ ಹುಟ್ಟುತ್ತದೆ.
ಮಸ್ತಾನ್ ಸಾಬರ ಪಂಕ್ಚರ್ ಅಂಗಡಿಯಲ್ಲಿ ಅದು ಪ್ಯಾಚು.
ರಾಮಾಂಜಿಯ ಕಟಿಂಗ್ ಶಾಪಿನಲ್ಲಿ ಹೊಸಾ ಬ್ಲೇಡು.
ಈಗ ತಾನೇ ಬೋಳಿಸಿಕೊಂಡು ಹೋದವನೇ
ತಿರುಗಿ ಬಂದು ಕೇಳುತ್ತಾನೆ.
ಹಮಾಲಿಗಳು ಹರಾಜಿನವರ ಹಾಗೆ ಬೆರಳೆತ್ತಿ, ಚೀಟಿ, ಎರಡು ಚೀಟಿ.
ರಾಯಪುರದ ಡ್ರೈವರಿಗೆ ಕನ್ನಡವಿಲ್ಲ, ತೆಲುಗೂ ಇಲ್ಲ;
ಗೋಡೆ ನೋಡುತ್ತಾನೆ, ಕೆಮ್ಮುತ್ತಾನೆ.
ಅಷ್ಟು ಸಾಕು.

ಟೀ ಅಂಗಡಿ ಮುನಿರತ್ನಮ್ಮ ಮಾತ್ರ ಆಗಲ್ಲ ಅಂದರೆ ಆಗಲ್ಲ.
'ಹಾಲು ಕಾಯಿಸೋ ಜಾಗ ಕಣಮ್ಮ ಇದು. ಥೂ.'
ಟೀ ಕುಡಿದೆ, ದುಡ್ಡು ಕೊಟ್ಟೆ, ಬಂದೆ.
ಎಂಟು ದಿನ ಟೀ ಕುಡಿದೆ.
ಒಂಬತ್ತನೇ ದಿನ ಅವಳೇ ಅಂದಳು, 'ಅಲ್ಲೊಂದು ಮೊಳೆ ಇದೆ ನೋಡು.'
ಬೀಜದ ಕಂಪನಿ ಕ್ಯಾಲೆಂಡರು, ಹನ್ನೆರಡು ತಿಂಗಳೂ ಟೊಮ್ಯಾಟೊ,
ಅದರ ಹಿಂದೆ ಡಬ್ಬಿ.
ಬೇಕಾದವರು ತಿಂಗಳನ್ನು ಎತ್ತಬೇಕು,
ತೆಗೆದುಕೊಂಡು ಮತ್ತೆ ಇಳಿಬಿಡಬೇಕು.
ಆ ಹೊತ್ತಿಗೆ ಸರಿಯಾಗಿ ಅವಳು ಹಾಲಿನ ಕಡೆ ತಿರುಗಿರುತ್ತಾಳೆ.
ಯಾಕೆ ಒಪ್ಪಿದೆ ಅಂತ ನಾನು ಕೇಳಲಿಲ್ಲ.
ಅವಳ ಗಂಡ ಲಾರಿ ಓಡಿಸುತ್ತಿದ್ದ.
ಬಸ್ ಸ್ಟ್ಯಾಂಡಿನ ಹಿಂದೆ ನಾನು ಕಳೆದ ಆರು ವರ್ಷವನ್ನು
ಅವಳೂ ಕೇಳಲಿಲ್ಲ.

ಈಗ ಡಬ್ಬಿ ಅಲ್ಲಾಡಿಸಿ ಟೊಮ್ಯಾಟೊ ರೇಟು ಹೇಳಬಲ್ಲೆ.
ಬಾಕ್ಸಿಗೆ ಸಾವಿರ ದಾಟಿದರೆ ಲಾರಿ ಸಾಲು ಬೈಪಾಸು ಮುಟ್ಟುತ್ತದೆ,
ಹತ್ತು ಗಂಟೆಗೆಲ್ಲ ಡಬ್ಬಿಯ ತಳ.
ಐವತ್ತಕ್ಕಿಳಿದ ವಾರ ರಸ್ತೆ ಬದಿ ಸುರಿದ ಹಣ್ಣನ್ನು
ಹಸು ಕೂಡ ಮೂಸಿ ಮುಂದೆ ಹೋಗುತ್ತದೆ,
ಡಬ್ಬಿಗೆ ಕೈ ಹಾಕುವವರಿಲ್ಲ.
'ಪುಕ್ಕಟೆ ಕೊಟ್ಟಿದ್ದಕ್ಕೆ ಬೆಲೆಯಿಲ್ಲ' ಅಂತ ಸೂಪರ್‌ವೈಸರ್ ಸಾರ್.
ಮಸ್ತಾನ್ ಸಾಬರು ಟ್ಯೂಬು ನೀರಿಗೆ ಅದ್ದುತ್ತ,
'ಗಾಳಿ ನಾನೂ ಪುಕ್ಕಟೆ ಹೊಡೀತೀನಮ್ಮಾ,
ಗಾಳಿ ಇಲ್ಲದ ಲಾರಿ ಊರು ಸೇರುತ್ತಾ?'

ಶ್ರಾವಣದಲ್ಲಿ ಸಪ್ಲೈ ನಿಂತಿತು.
ಸ್ಟೋರಿನವರು ಇಂಡೆಂಟ್ ಅಂದರು, ಬೆಂಗಳೂರು ಅಂದರು, ನಾಳೆ ಅಂದರು.
ಮೂರು ವಾರ ಬಂದದ್ದು ಸೊನ್ನೆ, ಉಳಿದದ್ದು ಸೊನ್ನೆ.
ಡಬ್ಬಿಗಳನ್ನು ಬಿಚ್ಚಿ ತರೋಣ ಅಂತ ಹೊರಟೆ.
ಕ್ಯಾಲೆಂಡರು ಎತ್ತಿದರೆ
ತುಂಬಿದೆ.
ಬೀಗ ಹಾಕಿದ್ದು ಹಾಕಿದ ಹಾಗೇ,
ಕೆಳಗಿನ ಸಂದಿಯಿಂದ ಒಂದೊಂದಾಗಿ ತುರುಕಿದ್ದಾರೆ.
ಸರ್ಕಾರದ್ದಲ್ಲ. ಮೆಡಿಕಲ್ ಸ್ಟೋರಿನದು,
ಹೊಳೆಯುವ ಕಾಗದದ ಮೇಲೆ ಸ್ಟ್ರಾಬೆರಿ.
ಮುನಿರತ್ನಮ್ಮ ಹಾಲಿನ ಕಡೆ ತಿರುಗಿದಳು.
'ನನಗೇನಮ್ಮಾ ಗೊತ್ತು' ಅಂದ ಚೌಡಪ್ಪ,
ಹೊರೆಯೇ ಇಲ್ಲದ ಬೆನ್ನು ಬಗ್ಗಿಸಿ.
ರಾಮಾಂಜಿ ಯಾರದೋ ಕೆನ್ನೆಗೆ ನೊರೆ ಹಚ್ಚುತ್ತಲೇ ಇದ್ದ.
ಪಿಳ್ಳಮ್ಮನ ಸಂಘದ ಲೆಕ್ಕದಲ್ಲಿ ಆ ತಿಂಗಳು
ಇತರೆ ಖರ್ಚು ಮುನ್ನೂರ ನಲವತ್ತು.
ಇತರೆ ಅಂದರೆ ಏನಕ್ಕಾ?
'ಇತರೆ ಅಂದರೆ ಇತರೆ.'

ರಿಜಿಸ್ಟರಿನಲ್ಲೊಂದು ಕಾಲಂ ಇದೆ, 'ಎಲ್ಲಿಂದ ಸ್ವೀಕರಿಸಲಾಯಿತು'.
ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ.
ಕೊನೆಗೆ ಬರೆದೆ, 'ಸದರಿ ಊರಿನಿಂದ'.
ಸೂಪರ್‌ವೈಸರ್ ಸಾರ್ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ
ಮೂರು ದಿನದೊಳಗೆ ಸಮಜಾಯಿಷಿ ಕೇಳಿದ್ದಾರೆ.