ನೀರು ಕುಡಿದ ಜಾಗ

ಗುಳೇದಗುಡ್ಡದ ಸರಕಾರಿ ಕಾಲೇಜಿನಲ್ಲಿ
ಆಟದ ಸಾಮಾನಿನ ಕೋಣೆ ಖಾಲಿ ಮಾಡಿಸಿ
ಗಾಳಿ ಹೋದ ವಾಲಿಬಾಲುಗಳನ್ನು ಪಡಸಾಲೆಗೆ ಉರುಳಿಸಿ
ಬಾಗಿಲ ಮೇಲೆ ಸ್ಟುಡಿಯೊ ಅಂತ ಬರೆಸಿದರು.
ಒಳಗೆ ನಿಂತು ಮಾತಾಡಿದರೆ
ಗೋಡೆ ಎದುರುತ್ತರ ಕೊಡುತ್ತಿತ್ತು.
ಸದ್ದು ಹೀರುವ ಹಲಗೆಗೆ ಅನುದಾನ ಬರಬೇಕಿತ್ತು.
ಅಟೆಂಡರ್ ಹುಚ್ಚೇಶ ಮನೆಯಿಂದ ಕೌದಿ ಹೊತ್ತು ತಂದ,
ಐದು, ಅವನ ಅವ್ವ ಹೊಲಿದವು.
ನಾಕು ಗೋಡೆಗೆ ನಾಕು ಬಡಿದು,
ಒಂದನ್ನು ಬಾಗಿಲಿಗೆ ಇಳಿಬಿಟ್ಟು
"ಈಗ ಮಾತಾಡ್ರಿ ಸರ್" ಅಂದ.
ಆಡಿದೆ.
ಆಡಿದ್ದು ಆಡಿದಲ್ಲೇ ಸತ್ತಿತು.

ಮನೆಯಲ್ಲೇ ಕೂತು ಮೂರು ವರ್ಷಕ್ಕೆ ಬಿ.ಎ.
ಬಾಗಲಕೋಟೆಯ ಸಭೆಯಲ್ಲಿ ಲೆಕ್ಕ ಹಾಕಿದೆವು:
ಒಂದು ಕ್ರೆಡಿಟ್ಟಿಗೆ ಎಷ್ಟು ತಾಸು,
ತಾಸಿಗೆ ಎಷ್ಟು ವಿಡಿಯೊ,
ನಕಲು ಹೊಡೆದರೆ ಹೇಗೆ,
ಫೋನೇ ಇಲ್ಲದಿದ್ದರೆ ಹೇಗೆ.
ಕಡೆಯ ಪ್ರಶ್ನೆಗೆ ಬರುವಷ್ಟರಲ್ಲಿ ಚಹಾ ಬಂತು.

ಎಪ್ಪತ್ತು ಬಾಯಿಗಳ ಹೂಂಗುಟ್ಟುವಿಕೆ ಉಂಡು
ಇಪ್ಪತ್ತೇಳು ವರ್ಷ ಬೆಳೆದ ದನಿ ನನ್ನದು.
ಕ್ಯಾಮೆರಾಕ್ಕೆ ಒಂದು ಕೆಂಪು ಚುಕ್ಕಿ, ಅಷ್ಟೇ.
ಹೂಂ ಬೇಡ,
ಒಂದು ಆಕಳಿಕೆಯಾದರೂ ಬೇಕಿತ್ತು.

ಆ ಮಂಗಳವಾರದ ಪಾಠ,
ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ.
ಉದಾಹರಣೆ ಹಳೆಯದೇ. ಬಿಸಿಲಲ್ಲಿ ಬಂದವನಿಗೆ
ಮೊದಲ ಗ್ಲಾಸು ನೀರು ಅಮೃತ,
ಎರಡನೆಯದು ಹಿತ, ಮೂರನೆಯದು ಸಾಕು,
ನಾಕನೆಯದು—
ಅಲ್ಲಿಗೆ ಗಂಟಲು ಹಿಡಿಯಿತು.
ಸದ್ದಾಗುತ್ತದೆಂದು ಫ್ಯಾನು ಬಂದ್,
ಸುತ್ತ ಐದು ಕೌದಿ, ಶ್ರಾವಣದಲ್ಲೂ ಬೆವರು.
ಮೇಜಿನ ಕೆಳಗಿನ ತಂಬಿಗೆ ಎತ್ತಿ ಗಟಗಟ ಕುಡಿದೆ,
ಗದ್ದದಿಂದ ಇಳಿದು ಅಂಗಿ ತೊಯ್ಯಿತು.
"ಇದನ್ನ ಕತ್ತರಿಸ್ತೀನ್ರಿ" ಅಂದ ಮೌಲಾಲಿ,
ಕಂಪ್ಯೂಟರಿನ ಅತಿಥಿ ಉಪನ್ಯಾಸಕ.
ಕತ್ತರಿಸು ಅಂದೆ.
ಆ ವಾರವೇ ಅವನ ಅವಧಿ ಮುಗಿಯಿತು.
ನೀರು ಹಾಗೇ ಏರಿಹೋಯಿತು ಜಾಲಕ್ಕೆ.

ದೀಪಾವಳಿ ಮುಗಿದ ಮೇಲೆ ವರದಿ.
ಹೆಸರು ಹಚ್ಚಿದವರು ನೂರಾಹನ್ನೆರಡು,
ನೋಡಿದವರು ಮೂವತ್ತೊಂಬತ್ತು.
ಪಾಠ ಏಳನ್ನು ಯಾರೋ ಒಬ್ಬರು
ಆರು ಸಲ ನೋಡಿದ್ದಾರೆ, ಆರೂ ಸಲ ನಡುರಾತ್ರಿ,
ಆರೂ ಸಲ ಹನ್ನೊಂದನೇ ನಿಮಿಷಕ್ಕೆ ನಿಲ್ಲಿಸಿದ್ದಾರೆ.
"ಅಲ್ಲಿ ಕಠಿಣ ಆಗೇತಿ, ಸರಳ ಮಾಡ್ರಿ"
ಅಂದರು ಪ್ರಾಚಾರ್ಯರು.
ಬಾಗಿಲು ಹಾಕಿಕೊಂಡು ನಾನೂ ನೋಡಿದೆ.
ಹನ್ನೊಂದನೇ ನಿಮಿಷದಲ್ಲಿ
ಎತ್ತಿನ ಹಾಗೆ ನೀರು ಕುಡಿಯುತ್ತಿದ್ದೆ.

ಪರೀಕ್ಷೆಗೆ ಮಾತ್ರ ಖುದ್ದು ಬರಬೇಕು.
ಬಂದಳು ಗುರುಸಿದ್ಧವ್ವ, ನಲವತ್ತರ ಹತ್ತಿರ,
ಖಣದ ತುಣುಕಿನಲ್ಲಿ ಹಾಲ್ ಟಿಕೆಟ್ ಸುತ್ತಿಕೊಂಡು.
ಉತ್ತರ ಪತ್ರಿಕೆ ಕೊಟ್ಟು ನಿಂತಳು.
"ನೀವ ಅಲ್ರೀ, ನೀರು ಕುಡದವ್ರು?
ಫೋನು ಮೈದುನಂದ್ರಿ. ಅವ ಮಲಗಿದ ಮ್ಯಾಲೆ ನನ್ನ ಕೈಗೆ.
ಮಗ್ಗದ ಕುಣಿಯಾಗ ಕಾಲು ಇಳಿಬಿಟ್ಟು, ಅಲ್ಲೇ ಕುಂತು ನೋಡ್ತೀನಿ.
ನೀವು ತಂಬಿಗಿ ಎತ್ತಿದ ಕೂಡಲೆ
ನಾನೂ ನಿಲ್ಲಿಸಿ, ಎದ್ದು ಹೋಗಿ ಕುಡದು ಬರ್ತಿದ್ದೆ.
ಎದುರಿಗೆ ಯಾರೋ ಅದಾರ ಅನಸ್ತಿತ್ರಿ."

"ಆರನೇ ಸಲಾನೂ?"
ಕೇಳಿದ್ದು ನಾನಲ್ಲ, ನನ್ನೊಳಗಿನ ಪರೀಕ್ಷಕ.

"ಆರನೇ ಸಲಾನೂ ಅಷ್ಟ ಛಲೋ ಇತ್ರಿ ನೀರು.
ಪೇಪರಿನಾಗ ಮಾತ್ರ
ಕಡಿಮಿ ಆಕ್ಕೋತ ಹೊಕ್ಕೈತಿ ಅಂತ ಬರದೀನಿ.
ತಪ್ಪೇನ್ರಿ?"

ಹತ್ತಕ್ಕೆ ಎಂಟು ಕೊಟ್ಟೆ.
ಇನ್ನೆರಡು ಯಾಕೆ ಹಿಡಿದೆನೋ.

ಚಳಿ ಬಿತ್ತು.
ಅವ್ವ ಒಂದು ಕೌದಿ ಕೇಳಾಕತ್ತಾಳ್ರಿ ಅಂತ
ಹುಚ್ಚೇಶ ಬಡಗಣ ಗೋಡೆಯದನ್ನು ಬಿಚ್ಚಿಕೊಂಡು ಹೋದ.
ಈಗ ಮಾತಾಡಿದರೆ ಆ ಕಡೆಯಿಂದ
ಸಣ್ಣಗೆ ಏನೋ ತಿರುಗಿ ಬರುತ್ತದೆ.
ಸರಿಪಡಿಸಿ ಅಂತ
ಯಾರಿಗೂ ಬರೆದಿಲ್ಲ ಇನ್ನೂ.