ಹಳೆಯ ತೂತು

ಹೊರಗೋಡೆಯ ಪೆಟ್ಟಿಗೆ ನಿನ್ನೆ ರಾತ್ರಿ ಮತ್ತೆ ಕೆಮ್ಮಿತು.
ಕೆಮ್ಮು ಅಂದೆನೆ? ಅಲ್ಲ,
ತಗಡಿನ ಡಬ್ಬಿಗೆ ನಾಲ್ಕು ಮೊಳೆ ಹಾಕಿ
ಯಾರೋ ಅಲ್ಲಾಡಿಸಿದ ಹಾಗೆ.
ಶಾಲೆಯ ಬಸ್ಸು ಓಡಿಸುವವಳು ನಾನು,
ಎಂಜಿನ್ನಿನ ಗಂಟಲು ನನಗೆ ಗೊತ್ತು.
ಆಮೇಲೆ ಮೌನ.
ಲಿಯೆಕ್ಸಾದ ಜನವರಿಯಲ್ಲಿ ಮೌನಕ್ಕೇ ಹೆದರಬೇಕು.
ಕಿಟಕಿಯಾಚೆ ಮೈನಸ್ ಇಪ್ಪತ್ತಮೂರು.
ಹೊದಿಕೆಯೊಳಗೇ ಎಣಿಸಿದೆ, ನಲವತ್ತಕ್ಕೆ
ಫ್ಯಾನು ಹೊರಳಿತು. ನಾನೂ ಹೊರಳಿದೆ.

ರಿಪೇರಿಯ ಹುಡುಗ ಯೂಸೋ ಬಂದ,
ಬಾಗಿಲಲ್ಲಿ ಬೂಟು ಬಿಚ್ಚಿ, ಕಾಲುಚೀಲದ ತೂತಿನಿಂದ
ಹೆಬ್ಬೆರಳು ಇಣುಕಿಸುತ್ತ.
ಎರಡು ಲೋಟ ಕಾಫಿ ಕುಡಿದ. ಗೇಜು ಸಿಕ್ಕಿಸಿದ.
"ಗ್ಯಾಸು ಸೋರಿದೆ, ಎಲ್ಲಿಂದ ಅಂತ ಹೇಳಲಾರೆ.
ಹದಿನೇಳು ವರ್ಷ ಅಂದರೆ ಇದಕ್ಕೆ ಮುಪ್ಪು.
ಈ ಬೋರ್ಡು ಈಗ ಯಾರೂ ಮಾಡುವುದಿಲ್ಲ.
ತೇಪೆ ಹಾಕಬಹುದು, ಆರುನೂರು ಯೂರೋ.
ಹೊಸದಕ್ಕೆ ಎರಡು ಸಾವಿರದ ಮುನ್ನೂರು. ನಿಮ್ಮಿಷ್ಟ."
ನಿಮ್ಮಿಷ್ಟ ಅನ್ನುವವರು ಯಾರೂ
ಆ ಇಷ್ಟ ಹೊರುವುದಕ್ಕೆ ಹೆಗಲು ಕೊಡುವುದಿಲ್ಲ.

ಏಣಿ ಮಡಚುತ್ತ ಕೇಳಿದ:
"ಇದನ್ನು ಕೂರಿಸಿದ್ದು ಯಾರು? ಪೈಪು ಬಗ್ಗಿಸಿದ್ದು ನೋಡಿ,
ಒಂದು ಸುಕ್ಕಿಲ್ಲ."
ತಪಾನಿ, ಅಂದೆ.
ಯಾವ ತಪಾನಿ ಅಂತ ಅವನು ಕೇಳಲಿಲ್ಲ.
ಚಿಕ್ಕ ಊರು.

ಆ ಶರತ್ಕಾಲ ಅವನು ಏಣಿಯ ಮೇಲೆ, ನಾನು ಕೆಳಗೆ
ಟಾರ್ಚು ಹಿಡಿದು. ಗೋಡೆ ಕೊರೆದ ಮರದ ಪುಡಿ
ನನ್ನ ಕೂದಲ ತುಂಬ.
"ಮೈನಸ್ ಇಪ್ಪತ್ತರ ಗಾಳಿಯಲ್ಲೂ ಶಾಖವಿದೆ ಐಲಾ,
ಹಿಂಡಿ ತೆಗೆಯಬೇಕು ಅಷ್ಟೆ."
ನಕ್ಕೆ. ಕಲ್ಲಿನಿಂದ ಹಾಲು ಕರೆಯುತ್ತೇನೆ ಅಂದಂತಿತ್ತು.
ಕರೆದೇ ಕರೆಯಿತು ಆ ಪೆಟ್ಟಿಗೆ.
ನಾವಿಬ್ಬರೂ ಒಬ್ಬರನ್ನೊಬ್ಬರು ಎಂಟು ವರ್ಷ ಹಿಂಡಿದೆವು,
ಏರಿದ್ದು ಕರೆಂಟಿನ ಬಿಲ್ಲು ಮಾತ್ರ.

ಬಿಟ್ಟು ಹೋದಮೇಲೂ ಪ್ರತಿ ಅಕ್ಟೋಬರಿಗೆ ಬರುತ್ತಿದ್ದ,
ನುರ್ಮೆಸ್‌ನಿಂದ, ಹೊಸ ಹೆಂಡತಿಯ ಕಾರಿನಲ್ಲಿ.
ಫಿಲ್ಟರು ತೊಳೆದು, ಒಣಎಲೆ ಗುಡಿಸಿ,
ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿದು ಹೋಗುತ್ತಿದ್ದ.
ಒಳಗೆ ಬಾ ಅಂತ ನಾನು ಅನ್ನಲಿಲ್ಲ.
ಬರಲೇ ಅಂತ ಅವನೂ.
ಈ ಸಲ ಬರಲಿಲ್ಲ. ಸೊಂಟ ನೋವು, ಅಂತೊಂದು ಮೆಸೇಜು.

ಒಂದು ವಾರ ಮೀನ ಮೇಷ ಎಣಿಸಿದೆ.
ವಿದ್ಯುತ್ ದರ, ಸೌದೆ ದರ, ಬಸ್ ಕಂಪನಿ ಏರಿಸದ ಸಂಬಳ,
ಎಲ್ಲ ಹಾಳೆಯ ಹಿಂಬದಿಯಲ್ಲಿ ಕೂಡಿಸಿ ಕಳೆದೆ.
ಲೆಕ್ಕ ಪ್ರತಿ ಸಲವೂ ಬೇರೆ ಬಂತು.
ವಿಲ್ಯಾ ಮೊಬೈಲಿನಿಂದ ತಲೆಯೆತ್ತದೆ ಅಂದಳು:
"ಅಮ್ಮಾ, ಅದು ಯಂತ್ರ.
ಇನ್ನು ಮೂರು ವರ್ಷಕ್ಕೆ ನಾನು ಯೋಎನ್ಸೂಗೆ ಹೊರಟೆ.
ನೀನೊಬ್ಬಳೇ ಎಷ್ಟು ಕೋಣೆ ಬಿಸಿ ಮಾಡ್ತೀಯ?
ಚಿಕ್ಕದು ತಗೋ."

ಚಿಕ್ಕದು.
ಅದೊಂದು ಮಾತು ಗಂಟಲಲ್ಲಿ ಮೀನಿನ ಮುಳ್ಳಿನಂತೆ ನಿಂತಿತು.
ಎದ್ದು ಹೋಗಿ ಪಾತ್ರೆ ತೊಳೆದೆ,
ತೊಳೆದಿಟ್ಟ ಪಾತ್ರೆಗಳನ್ನೇ.

ಕೊನೆಗೆ ಫೋನು ಮಾಡಿದೆ. ಬಹಳ ಹೊತ್ತು
ಅವನ ಅಡುಗೆಮನೆಯ ರೇಡಿಯೋ ಮಾತ್ರ ಕೇಳಿತು.
"ಬದಲಾಯಿಸು," ಅಂದ. "ಹತ್ತು ವರ್ಷ ಬಾಳಲಿ ಅಂತ ಕೂರಿಸಿದ್ದೆ."
ಮತ್ತೆ ರೇಡಿಯೋ. ನಾಳೆ ಹಿಮ, ಪೂರ್ವದಿಂದ ಗಾಳಿ.
"ಹುಡುಗನಿಗೆ ಹೇಳು,
ಹಳೆ ತೂತೇ ಸಾಕು, ಗೋಡೆ ಮತ್ತೆ ಕೊರೆಯಬೇಡ ಅಂತ.
ಸ್ವಲ್ಪ ಹೊರಕ್ಕೆ ಇಳಿಜಾರಾಗಿದೆ, ನೀರು ಒಳಗೆ ಬಾರದು."
ಸರಿ, ಅಂದೆ.
ಸರಿ, ಅಂದ.

ಆ ರಾತ್ರಿ ಪೆಟ್ಟಿಗೆ ಒಂದು ಸಲವೂ ಕೆಮ್ಮಲಿಲ್ಲ,
ವೈದ್ಯರ ಮನೆ ಬಾಗಿಲಲ್ಲಿ ಜ್ವರ ಬಿಟ್ಟ ಮಗುವಿನಂತೆ.
ಕಳ್ಳ, ಅಂದೆ, ಗೋಡೆಗೆ ಕೇಳಿಸುವಂತೆ.

ಯೂಸೋ ಗುರುವಾರ ಬರುತ್ತಾನೆ. ತೂತಿನ ವಿಷಯ ಹೇಳಿದ್ದೇನೆ.
ಇನ್ನು ಮೂರು ರಾತ್ರಿ.
ಶೆಡ್ಡಿನಿಂದ ಬರ್ಚ್ ಸೌದೆ ಎರಡು ಹೊರೆ ತಂದಿಟ್ಟೆ,
ಬೇಕಾಗಲಾರದು.