ಷರಾ

ಹದಿನೆಂಟು ವರ್ಷ ಅಬಕಾರಿ ಇಲಾಖೆಯಲ್ಲಿ.
ಎಷ್ಟು ಪೀಪಾಯಿಗೆ ಅರಗಿನ ಮುದ್ರೆ ಒತ್ತಿದ್ದೇನೋ,
ಒಂದು ತೊಟ್ಟು ನಾಲಿಗೆಗೆ ತಾಕಿಸಿಕೊಂಡವಳಲ್ಲ.
ಸೀಮೆಎಣ್ಣೆ ಅಳೆದಂತೆ ಅಳೆದೆ. ಬರೆದೆ. ಬಂದೆ.

ಶಿವರಾತ್ರಿಗೆ ಇನ್ನೂ ಒಂಬತ್ತು ದಿನ.
ಯಲಹಂಕ ದಾಟಿ, ದೊಡ್ಡಬಳ್ಳಾಪುರದ ಮಗ್ಗಗಳ ಸದ್ದು ದಾಟಿ
ಗಾಡಿ ಮಾಕಳಿ ಬೆಟ್ಟದ ನೆರಳಿಗೆ ಹೊರಳುವಾಗ
ಕಿಟಕಿಯ ಗಾಜು ಏರಿಸಿದೆ. ಚಳಿ.
ಎಷ್ಟು ವರ್ಷವಾಗಿತ್ತು ಈ ಪದ ಬಾಯಿಗೆ ಬಂದು!

ತೋಟದಲ್ಲಿ ಚೌರಪ್ಪನವರ ಮಗಳು ರೆಜಿನಾ
ಮೊಣಕಾಲೂರಿ ಮಣ್ಣು ಬಗೆಯುತ್ತಿದ್ದಳು,
ಪಕ್ಕದಲ್ಲಿ ಸೆರಗು ಬಿಗಿದ ಪಿಳ್ಳಮ್ಮ.
ಹೊರಬಂದದ್ದು ಹಸುವಿನ ಕೊಂಬು.
ಒಂದಲ್ಲ, ನಲವತ್ತು.
ನವರಾತ್ರಿ ಕಳೆದ ವಾರ ಸಗಣಿ ತುಂಬಿ ಹೂತದ್ದಂತೆ.
ಮಾಗಿಯನ್ನೆಲ್ಲ ನೆಲದೊಳಗೆ ಕಳೆದು
ಈಗ ಸಗಣಿಗೆ ಸಗಣಿಯ ವಾಸನೆಯಿಲ್ಲ,
ನೀರು ತುಂಬಿಟ್ಟ ಹೊಸ ಮಡಕೆಯ ವಾಸನೆ.

"ಇದಕ್ಕೂ ಲೈಸೆನ್ಸ್ ಬೇಕಾ ಮೇಡಂ?" ಪಿಳ್ಳಮ್ಮ, ನಗದೆ.
ರಿಜಿಸ್ಟರು ತಿರುವಿದೆ.
ಬಾಟಲಿಗೆ ಕಾಲಂ ಇದೆ, ಬಿರಡೆಗಿದೆ, ಒಡೆದದ್ದಕ್ಕೂ ಇದೆ,
ಕೊಂಬಿಗಿಲ್ಲ.
ಇಲಾಖೆಯಲ್ಲಿ ಕೊಂಬಿರುವುದು ನಮ್ಮ ತಲೆಯ ಮೇಲೆ ಮಾತ್ರ.

ಹಂಡೆಯ ನೀರಿಗೆ ಅಂಗೈಯಷ್ಟು ಹಾಕಿ
ಕೋಲಿನಿಂದ ತಿರುವತೊಡಗಿದಳು.
ಸುಳಿ ಎದ್ದು, ನಡುವೆ ಬಾವಿ ಬಿದ್ದಾಗ
ಥಟ್ಟನೆ ಉಲ್ಟಾ. ನೀರು ತಬ್ಬಿಬ್ಬಾಗಿ, ಕೊಸರಿ,
ಮತ್ತೆ ಸುಳಿ. ಹೀಗೇ ಒಂದು ಗಂಟೆ.
"ನಿಲ್ಲಿಸಿದರೆ ಮುನಿಸಿಕೊಳ್ಳುತ್ತೆ" ಅಂದಳು.
ಯಾರು, ನೀರೇ, ಚಂದ್ರನೇ? ಕೇಳಲಿಲ್ಲ.
ನನ್ನತ್ತೆ ಮಜ್ಜಿಗೆ ಕಡೆಯುತ್ತಿದ್ದದ್ದೂ ಹೀಗೇ,
ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ, ಯಾರನ್ನೂ ನೋಡದೆ.

ನೆಲಮಾಳಿಗೆಯಲ್ಲಿ ದೀಪ ಹಾಕಿ ರೆಜಿನಾ
ಗೋಡೆಯ ಪಂಚಾಂಗಕ್ಕೆ ಹುಬ್ಬು ಗಂಟಿಕ್ಕಿದಳು:
"ಇವತ್ತು ಬೇರಿನ ದಿನ. ವೈನ್ ಬಾಯಿ ಬಿಡಲ್ಲ ಮೇಡಂ.
ಹಣ್ಣಿನ ದಿನ ನೋಡಿ ಬರಬಾರದಿತ್ತೇ?"
ನನ್ನ ಆದೇಶದಲ್ಲಿ ತಾರೀಖಿದೆ, ಚಂದ್ರನಿಲ್ಲ, ಅಂದೆ.
ಸ್ಯಾಂಪಲ್ ಕುದಿಸಿದೆ. ಹಿತ್ತಾಳೆಯ ಯಂತ್ರ ಹೇಳಿತು: ಹನ್ನೊಂದೂವರೆ.
ಬರೆದೆ. ಪೆನ್ನು ಮುಚ್ಚಿದೆ.

ಆಮೇಲೇಕೆ ಆ ಲೋಟ ಎತ್ತಿದೆನೋ.
ಮೊದಲು ಬರೀ ಹುಳಿ.
ಆಮೇಲೆ ಒಗರು; ಎಳೇ ನೇರಳೆ ಕಚ್ಚಿದಂತೆ ಒಸಡು ಬಿಗಿಯಿತು.
ಬೇರಿನ ದಿನವೇ ಸರಿ, ಎಂದುಕೊಂಡು ನುಂಗಿದೆ.
ನುಂಗಿದ ಮೇಲೆ, ಮೂಗಿನ ಹಿತ್ತಲ ಬಾಗಿಲಿಂದ
ಬಂತು
ಸೊಗಡು.

ಅವರೆಕಾಯಿಯ ಸೊಗಡು!
ಇಬ್ಬನಿ ಬಿದ್ದರಷ್ಟೇ ಏರುವಂಥದ್ದು.
ಗುಟ್ಟಹಳ್ಳಿಯ ವಠಾರದಲ್ಲಿ ಬೆಳಗ್ಗೆ ಏಳಕ್ಕೆ
ನಾನೂ ತಂಗಿಯೂ ಬಾಯಿಂದ ಹೊಗೆ ಬಿಡುತ್ತಾ
ಬೀಡಿ ಸೇದುವ ಆಟ ಆಡಿದ್ದು,
ಕಾಯಿ ಸುಲಿಯುತ್ತಿದ್ದ ಅಜ್ಜಿ ಅದೇ ಅಂಟುಗೈಯಲ್ಲಿ
ಇಬ್ಬರ ಬೆನ್ನಿಗೂ ಕೊಟ್ಟದ್ದು,
ಸ್ವೆಟರಿಗೆ ದಿನವಿಡೀ ಆ ವಾಸನೆ.
ಊರಿಗೆ ಊರೇ ಫ್ಯಾನಿಲ್ಲದೆ ಮಲಗುತ್ತಿತ್ತು.

ರೆಜಿನಾ ಹೇಳುತ್ತಲೇ ಇದ್ದಳು: ಎರಡು ವರ್ಷದ ಹಿಂದಿನದು,
ಆ ಮಾಗಿಯಲ್ಲಿ ಹನ್ನೊಂದು ರಾತ್ರಿ ಹತ್ತು ಡಿಗ್ರಿಗೆ ಇಳಿದಿತ್ತು,
"ದ್ರಾಕ್ಷಿಗೆ ಬಿಸಿಲು ಯಾರು ಬೇಕಾದರೂ ಕೊಡ್ತಾರೆ ಮೇಡಂ,
ಸಿಗದೇ ಇರೋದು ರಾತ್ರಿ."
ಆ ಹನ್ನೊಂದು ರಾತ್ರಿ ನಾನೆಲ್ಲಿದ್ದೆ?
ಕಿಟಕಿ ಮುಚ್ಚಿ ಮಲಗಿದ್ದೆ. ಸೊಳ್ಳೆ.

ಬೀಗಕ್ಕೆ ಅರಗು ಸುರಿದು ಮುದ್ರೆ ಒತ್ತಿದೆ.
ರಿಜಿಸ್ಟರಿನ ಕೊನೆಯ ಕಾಲಂ, ಷರಾ.
ಹದಿನೆಂಟು ವರ್ಷ ಅಲ್ಲಿ "ಏನೂ ಇಲ್ಲ" ಎಂದೇ ಬರೆದಿದ್ದೇನೆ.
ಇವತ್ತೂ ಹಾಗೇ ಬರೆದೆ,
ಸುಳ್ಳಿಗೆ ನನ್ನದೇ ಸಹಿ.

ಹೊರಡುವಾಗ ಪಿಳ್ಳಮ್ಮ ಖಾಲಿ ಕೊಂಬುಗಳನ್ನು ತೊಳೆದು
ಒಣಹಾಕಿದ್ದಳು, ಮುಂದಿನ ನವರಾತ್ರಿಗೆ.
ಒಂದನ್ನು ಎತ್ತಿ ನೋಡಿದೆ. ಹಗುರ.

ಹೆಬ್ಬಾಳದ ಮೇಲ್ಸೇತುವೆಯಲ್ಲಿ ಗಾಡಿ ನಿಂತಿತು, ಮುಕ್ಕಾಲು ಗಂಟೆ.
ಚಳಿ ಯಲಹಂಕದಲ್ಲೇ ಎಲ್ಲೋ
ಶಿವ ಶಿವ ಎಂದು ಇಳಿದು ಹೋಗಿತ್ತು.
ಡ್ರೈವರ್ ಕೇಳಿದ: ಎ.ಸಿ. ಹಾಕಲಾ ಮೇಡಂ?
ಬೇಡಪ್ಪ, ಅಂದೆ,
ಬಾಯಿ ಹೆಚ್ಚು ತೆರೆಯದೆ.